ಮನೆ ತಪಾಸಣೆ ಕೆಲಸಕ್ಕೆ ಯಾವ ಗಾಡಿ? ‘ವೈಟ್ ಬೋರ್ಡ್ ಕಾರಿಗೆ ಇನ್ಶೂರೆನ್ಸ್ ಸಿಗಲ್ಲ’ ಎಂಬ ಫಾರ್ವರ್ಡ್ ಎಷ್ಟು ನಿಜ?

“ಸ್ವಂತ ಬಿಸಿನೆಸ್‌ಗೆ ವೈಟ್ ಬೋರ್ಡ್ ಕಾರು ಓಡಿಸುವವರೇ ಎಚ್ಚರ! ಆಕ್ಸಿಡೆಂಟ್ ಆದರೆ ಒಂದು ರೂಪಾಯಿ ಇನ್ಶೂರೆನ್ಸ್ ಬರಲ್ಲ. ಇವತ್ತೇ ಯೆಲ್ಲೋ ಬೋರ್ಡ್ ಮಾಡಿಸಿಕೊಳ್ಳಿ. ಎಲ್ಲಾ ಗ್ರೂಪ್‌ಗೂ ಶೇರ್ ಮಾಡಿ.”

ಈ ಸಂದೇಶವನ್ನು ನಮಗೆ ಕಳಿಸಿದ ಓದುಗರು ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರ್. ಸೈಟ್ ಕೆಲಸ ಬಿಟ್ಟು, ಹೊಸ ಫ್ಲ್ಯಾಟ್ ಖರೀದಿಸುವವರ ಪರವಾಗಿ ಮನೆ ಪರಿಶೀಲಿಸಿ ವರದಿ ಕೊಡುವ ಸಣ್ಣ ವ್ಯವಹಾರ ಶುರು ಮಾಡುತ್ತಿದ್ದಾರೆ. ಮನೆಯಲ್ಲಿ ಆರು ವರ್ಷದ ಒಂದು ಹ್ಯಾಚ್‌ಬ್ಯಾಕ್ ಇದೆ. ಈ ಫಾರ್ವರ್ಡ್ ನೋಡಿದ ಮೇಲೆ ಅದನ್ನು ಮಾರಿ, ಎಂಟು ಲಕ್ಷ ಸಾಲ ಮಾಡಿ ಹಳದಿ ಬೋರ್ಡಿನ ಪಿಕಪ್ ತೆಗೆದುಕೊಳ್ಳಲು ಹೊರಟಿದ್ದರು. “ಏಣಿ, ಮೆಷಿನ್ ಎಲ್ಲಾ ಇಡೋಕೆ ಪಿಕಪ್ಪೇ ಬೇಕು ಅಂತ ಯೂಟ್ಯೂಬ್‌ನಲ್ಲೂ ಹೇಳ್ತಾರೆ, ಸರಿನಾ?” ಎಂಬುದು ಅವರ ಪ್ರಶ್ನೆ.

ಚಿಕ್ಕ ಉತ್ತರ ಇಷ್ಟು: ಫಾರ್ವರ್ಡ್‌ನಲ್ಲಿರುವುದು ಅರ್ಧ ಸತ್ಯ. ಯೂಟ್ಯೂಬ್‌ನ ಸಲಹೆ ಬೇರೆ ದೇಶದ್ದು. ಅವರ ಕೆಲಸಕ್ಕೆ ಮನೆಯಲ್ಲಿರುವ ಕಾರೇ ಸಾಕು. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಟ್ಯೂಷನ್ ಹೇಳುವವರಿಂದ ಹಿಡಿದು ಎಸಿ ರಿಪೇರಿ ಮಾಡುವವರವರೆಗೆ, ಸ್ವಂತ ಗಾಡಿಯಲ್ಲಿ ಕೆಲಸಕ್ಕೆ ಹೋಗುವ ಅನೇಕರಿಗೆ ಇದೇ ಗೊಂದಲವಿದೆ.

ಮೊದಲು, ಈ ಕೆಲಸ ಏನು?

ಬಿಲ್ಡರ್ ಕೀ ಕೊಡುವ ಮೊದಲು ಅಥವಾ ಕೊಟ್ಟ ಕೂಡಲೇ ಖರೀದಿದಾರರ ಪರವಾಗಿ ಒಬ್ಬರು ಮನೆಗೆ ಹೋಗುತ್ತಾರೆ. ಗೋಡೆಯಲ್ಲಿ ತೇವ ಇದೆಯೇ, ಟೈಲ್ಸ್ ಕೆಳಗೆ ಟೊಳ್ಳಿದೆಯೇ, ಬಾತ್‌ರೂಮಿನ ನೀರು ಸರಿಯಾಗಿ ಇಳಿಜಾರಿನತ್ತ ಹರಿಯುತ್ತದೆಯೇ, ಪ್ಲಗ್ ಪಾಯಿಂಟ್‌ಗಳಿಗೆ ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸಿ ಫೋಟೋ ಸಮೇತ ವರದಿ ಕೊಡುತ್ತಾರೆ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ಅಥವಾ ಕಾಮಗಾರಿಯ ದೋಷ ತೋರಿಸಿದರೆ ಬಿಲ್ಡರ್ 30 ದಿನದೊಳಗೆ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಹಾಗೆ ತೋರಿಸಲು ದಾಖಲೆ ಬೇಕು. ಅದಕ್ಕಾಗಿಯೇ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ದೇವನಹಳ್ಳಿ ಕಡೆ ಈ ಸೇವೆಗೆ ಗಿರಾಕಿಗಳಿದ್ದಾರೆ.

ಅಂದರೆ ಗಾಡಿಯಲ್ಲಿ ಹೋಗುವುದು ಒಬ್ಬರು ಅಥವಾ ಇಬ್ಬರು ಮನುಷ್ಯರು, ಅವರ ಜೊತೆಗೆ ಒಂದು ಚೀಲ. ಮಾರುವ ಸರಕೂ ಇಲ್ಲ, ಬಾಡಿಗೆ ಕೊಡುವ ಪ್ರಯಾಣಿಕರೂ ಇಲ್ಲ. ಕಾನೂನಿನ ಲೆಕ್ಕಾಚಾರ ನಿಂತಿರುವುದು ಇದೇ ವಿಷಯದ ಮೇಲೆ.

ವೈಟ್ ಬೋರ್ಡ್, ಯೆಲ್ಲೋ ಬೋರ್ಡ್: ವ್ಯತ್ಯಾಸ ಎಲ್ಲಿದೆ?

‘ಬಿಸಿನೆಸ್‌ಗೆ ಬಳಸಿದರೆ ಹಳದಿ, ಮನೆಗೆ ಬಳಸಿದರೆ ಬಿಳಿ’ ಎಂದು ಬಹಳ ಜನ ತಿಳಿದಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆ ಹಾಗೆ ಹೇಳುವುದಿಲ್ಲ. ಕಾಯ್ದೆ ನೋಡುವುದು ಆ ವಾಹನ ‘ಸಾರಿಗೆ ವಾಹನ’ವೇ ಎಂಬುದನ್ನು. ಬಾಡಿಗೆಗೆ ಜನರನ್ನು ಸಾಗಿಸುವ ವಾಹನ, ಸರಕು ಸಾಗಿಸುವ ವಾಹನ, ಶಾಲಾ ಬಸ್ಸು, ಹಾಗೂ ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು ಜನರನ್ನು ತನ್ನ ವ್ಯವಹಾರಕ್ಕಾಗಿ ಕರೆದೊಯ್ಯುವ ದೊಡ್ಡ ವಾಹನ ಇವು ಸಾರಿಗೆ ವಾಹನಗಳು. ಇವಕ್ಕೆ ಹಳದಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರದ ಪ್ಲೇಟ್.

ನೀವು ನಿಮ್ಮದೇ ಐದು ಸೀಟಿನ ಕಾರಿನಲ್ಲಿ ಕುಳಿತು ನಿಮ್ಮದೇ ಕೆಲಸಕ್ಕೆ ಹೋದರೆ ಅದು ಈ ನಾಲ್ಕರಲ್ಲಿ ಯಾವುದೂ ಅಲ್ಲ. ವಕೀಲರು ಕೋರ್ಟಿಗೆ, ವೈದ್ಯರು ಕ್ಲಿನಿಕ್ಕಿಗೆ, ಅಂಗಡಿ ಮಾಲೀಕರು ಅಂಗಡಿಗೆ ಬಿಳಿ ಪ್ಲೇಟಿನ ಕಾರಿನಲ್ಲೇ ಹೋಗುತ್ತಾರೆ. ಕಾರು ಕಂಪನಿಯ ಹೆಸರಿನಲ್ಲಿದ್ದರೂ ಅಷ್ಟೇ. ಸಂಸ್ಥೆಯ ಹೆಸರಿನಲ್ಲಿ ಆರ್‌ಸಿ ಇದ್ದ ಮಾತ್ರಕ್ಕೆ ಪ್ಲೇಟ್ ಹಳದಿಯಾಗುವುದಿಲ್ಲ.

ಉಪಕರಣಗಳು ಸರಕು ಆಗುವುದಿಲ್ಲವೇ? ಕಾಯ್ದೆಯಲ್ಲಿ ‘ಸರಕು’ ಎಂಬ ಪದದ ಅರ್ಥ ತುಂಬಾ ವಿಶಾಲ. ಜೀವಂತ ಮನುಷ್ಯರನ್ನು ಬಿಟ್ಟು ವಾಹನದಲ್ಲಿ ಸಾಗುವ ಬಹುತೇಕ ಎಲ್ಲವೂ ಸರಕೇ. ಆದರೆ ಮೋಟಾರು ಕಾರಿನಲ್ಲಿ ಒಯ್ಯುವ ಲಗೇಜು ಮತ್ತು ವೈಯಕ್ತಿಕ ವಸ್ತುಗಳನ್ನು ಅದೇ ವ್ಯಾಖ್ಯಾನ ಹೊರಗಿಟ್ಟಿದೆ. ಹೆಗಲಿಗೆ ಹಾಕಿಕೊಂಡು ಲಿಫ್ಟ್ ಹತ್ತುವಂಥ ಉಪಕರಣದ ಚೀಲ ಈ ಸಾಲಿಗೆ ಬರುತ್ತದೆ ಎಂಬುದು ನಮ್ಮ ಓದು. ಅದೇ ಕಾರಿನ ಹಿಂದಿನ ಸೀಟು ಕಿತ್ತು, ಇಪ್ಪತ್ತು ಡಬ್ಬ ವಾಟರ್‌ಪ್ರೂಫಿಂಗ್ ಕೆಮಿಕಲ್ ತುಂಬಿ ಗಿರಾಕಿಗಳಿಗೆ ತಲುಪಿಸಲು ಹೊರಟರೆ ವಿಷಯ ಬೇರೆ. ಆಗ ಅದು ಸರಕು ಸಾಗಣೆ. ಎಷ್ಟೋ ತಪಾಸಣೆ ವ್ಯವಹಾರಗಳು ಎರಡನೇ ವರ್ಷಕ್ಕೆ ‘ರಿಪೇರಿಯನ್ನೂ ನಾವೇ ಮಾಡಿಕೊಡ್ತೀವಿ’ ಎನ್ನಲು ಶುರು ಮಾಡುತ್ತವೆ. ಗಾಡಿಯ ಪ್ರಶ್ನೆ ಬದಲಾಗುವುದು ಆ ದಿನದಿಂದ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ನಿಜವಾಗಿ ಏನಿದೆ?

ನಿಮ್ಮ ಕಾರಿನ ಪಾಲಿಸಿಯ ಪಿಡಿಎಫ್ ತೆರೆಯಿರಿ. ‘ಬಳಕೆಯ ಮಿತಿಗಳು’ ಎಂಬ ಅರ್ಥ ಬರುವ ಒಂದು ಸಣ್ಣ ಭಾಗ ಅದರಲ್ಲಿರುತ್ತದೆ. ಖಾಸಗಿ ಕಾರುಗಳ ಪಾಲಿಸಿಯಲ್ಲಿ ಅಲ್ಲಿರುವ ಮಾತು ಹೆಚ್ಚೂಕಡಿಮೆ ಎಲ್ಲ ಕಂಪನಿಗಳಲ್ಲೂ ಒಂದೇ. ಕೆಲವು ಉದ್ದೇಶಗಳನ್ನು ಬಿಟ್ಟು ಬೇರೆ ಯಾವುದೇ ಉದ್ದೇಶಕ್ಕೆ ವಾಹನ ಬಳಸಿದರೂ ಪಾಲಿಸಿ ಅನ್ವಯಿಸುತ್ತದೆ. ಹೊರಗಿಟ್ಟಿರುವುದು ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಬಳಸುವುದು, ಸರಕು ಸಾಗಣೆ, ರೇಸ್ ಮತ್ತು ವೇಗದ ಪರೀಕ್ಷೆಗಳು, ಹಾಗೂ ವಾಹನಗಳನ್ನೇ ಮಾರುವ-ಕೊಳ್ಳುವ ವ್ಯಾಪಾರ. ಸರಕಿನ ವಿಷಯದಲ್ಲೂ ‘ಮಾದರಿಗಳು ಅಥವಾ ವೈಯಕ್ತಿಕ ಲಗೇಜು ಹೊರತುಪಡಿಸಿ’ ಎಂಬ ವಿನಾಯಿತಿ ಇದೆ. ಅಂದರೆ ಬಟ್ಟೆಯ ಸ್ಯಾಂಪಲ್ ಹಿಡಿದು ಊರೂರು ಸುತ್ತುವ ಸೇಲ್ಸ್‌ಮನ್‌ನ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ವಾಕ್ಯ ಅದು.

‘ಸ್ವಂತ ವ್ಯವಹಾರಕ್ಕೆ ಬಳಸಬಾರದು’ ಎಂದು ಅಲ್ಲಿ ಬರೆದಿಲ್ಲ. ಹಾಗಾಗಿ ಫಾರ್ವರ್ಡ್‌ನ ‘ಒಂದು ರೂಪಾಯಿಯೂ ಬರಲ್ಲ’ ಎಂಬುದು ಸುಳ್ಳು.

ಆದರೆ ಅರ್ಧ ಸತ್ಯ ಎಂದದ್ದಕ್ಕೆ ಕಾರಣ ಇದೆ. ಬಿಳಿ ಪ್ಲೇಟಿನ ಕಾರನ್ನು ಬಿಡುವಿನ ವೇಳೆ ಬಾಡಿಗೆಗೆ ಓಡಿಸಿದರೆ, ಅಥವಾ ಸರಕು ಸಾಗಿಸುವಾಗ ಅಪಘಾತವಾದರೆ, ಕಂಪನಿ ನಿಮ್ಮ ಕಾರಿನ ರಿಪೇರಿ ಹಣವನ್ನು ನಿರಾಕರಿಸಲು ಆಧಾರ ಸಿಗುತ್ತದೆ. ‘ಅಲ್ಲಿಯೇ ಹೋಗ್ತಿದೀನಿ, ಬನ್ನಿ, ಪೆಟ್ರೋಲ್‌ಗೆ ಮುನ್ನೂರು ಕೊಡಿ’ ಎಂದು ಗಿರಾಕಿಯನ್ನು ಸೈಟಿಗೆ ಕರೆದೊಯ್ಯುವ ಅಭ್ಯಾಸವನ್ನೂ ಇಟ್ಟುಕೊಳ್ಳಬೇಡಿ. ಬಿಲ್ಲಿನಲ್ಲಿ ನಿಮ್ಮ ಪ್ರಯಾಣದ ವೆಚ್ಚ ಸೇರಿಸಿಕೊಳ್ಳುವುದು ಬೇರೆ, ಗಿರಾಕಿಯನ್ನು ಕೂರಿಸಿಕೊಂಡು ಹಣ ಪಡೆಯುವುದು ಬೇರೆ.

ಇನ್ನೊಂದು ವಿಷಯ ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ. ಸಹಾಯಕನನ್ನು ಸಂಬಳಕ್ಕೆ ಇಟ್ಟುಕೊಂಡು ಕಾರಿನಲ್ಲಿ ಕರೆದೊಯ್ಯುತ್ತೀರಿ ಎಂದುಕೊಳ್ಳಿ. ನಿಮ್ಮ ಉದ್ಯೋಗಿಗೆ ಪೆಟ್ಟಾದರೆ ಬರುವ ಹೊಣೆಗಾರಿಕೆಗೆ ಪಾಲಿಸಿಯಲ್ಲಿ ಪ್ರತ್ಯೇಕ ಸೇರ್ಪಡೆ ಮಾಡಿಸಿಕೊಳ್ಳಬಹುದು, ಪ್ರೀಮಿಯಂ ಹೆಚ್ಚೇನಿಲ್ಲ. ಹಾಗೆಯೇ ಕಾರನ್ನು ಕಂಪನಿಯ ಹೆಸರಿಗೆ ಮಾಡಿದರೆ, ಮಾಲೀಕ-ಚಾಲಕನಿಗೆ ಸಿಗುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಅದರಲ್ಲಿ ಇರುವುದಿಲ್ಲ. ಕಂಪನಿಗೆ ಕೈಕಾಲು ಇಲ್ಲವಲ್ಲ! ಆಗ ಬೇರೆ ವೈಯಕ್ತಿಕ ಅಪಘಾತ ಪಾಲಿಸಿ ಬೇಕು.

ಇಷ್ಟಾದರೂ ಅನುಮಾನ ಇದ್ದರೆ ಏಜೆಂಟ್‌ಗೆ ಫೋನ್ ಮಾಡಿ ಕೇಳಬೇಡಿ, ಕಂಪನಿಗೆ ಇಮೇಲ್ ಮಾಡಿ. ‘ನಾನು ಮನೆ ತಪಾಸಣೆಯ ವೃತ್ತಿಯಲ್ಲಿದ್ದೇನೆ. ನನ್ನ ಉಪಕರಣದ ಚೀಲದೊಂದಿಗೆ ಈ ಕಾರಿನಲ್ಲಿ ಗಿರಾಕಿಗಳ ಮನೆಗೆ ಹೋಗುತ್ತೇನೆ. ಬಾಡಿಗೆಗೆ ಜನರನ್ನಾಗಲಿ ಸರಕನ್ನಾಗಲಿ ಸಾಗಿಸುವುದಿಲ್ಲ. ಪಾಲಿಸಿ ಅನ್ವಯಿಸುತ್ತದೆಯೇ?’ ಎಂದು ಬರೆದು ಉತ್ತರವನ್ನು ಉಳಿಸಿಕೊಳ್ಳಿ. ಕ್ಲೇಮ್ ಸಮಯದಲ್ಲಿ ಫೋನಿನಲ್ಲಿ ಹೇಳಿದ ಮಾತಿಗೆ ಬೆಲೆಯಿಲ್ಲ.

ಪಿಕಪ್‌ನ ಆಸೆ ಬಂದದ್ದು ಅಮೆರಿಕದಿಂದ

ಯೂಟ್ಯೂಬ್‌ನಲ್ಲಿ ‘ಹೋಮ್ ಇನ್‌ಸ್ಪೆಕ್ಟರ್ ವೆಹಿಕಲ್’ ಎಂದು ಹುಡುಕಿದರೆ ಸಿಗುವುದು ಬಹುತೇಕ ಅಮೆರಿಕದ ವಿಡಿಯೊಗಳು. ಅಲ್ಲಿ ಮನೆ ಎಂದರೆ ಹೆಚ್ಚಾಗಿ ಮರದ ಚೌಕಟ್ಟಿನ, ಇಳಿಜಾರು ಛಾವಣಿಯ ಒಂಟಿ ಮನೆ. ಇನ್‌ಸ್ಪೆಕ್ಟರ್ ಏಣಿ ಹಾಕಿ ಛಾವಣಿಯ ಹೊದಿಕೆ ನೋಡಬೇಕು, ಅಟ್ಟಕ್ಕೆ ಹತ್ತಬೇಕು, ನೆಲದ ಅಡಿಯ ಕುರುಚಲು ಜಾಗದಲ್ಲಿ ತೆವಳಬೇಕು. ಹಾಗಾಗಿ ಅವರಿಗೆ ಉದ್ದದ ಏಣಿ, ಕವರಾಲ್, ಬೂಟು ಎಲ್ಲಾ ಬೇಕು. ಪಿಕಪ್ ಅಥವಾ ವ್ಯಾನ್ ಅವರಿಗೆ ಸರಿಯಾದ ಆಯ್ಕೆ.

ಬೆಂಗಳೂರಿನ ಹದಿನಾಲ್ಕನೇ ಮಹಡಿಯ ಫ್ಲ್ಯಾಟ್‌ಗೆ ಲಿಫ್ಟ್ ಇದೆ. ಟೆರೇಸಿಗೆ ಮೆಟ್ಟಿಲಿದೆ. ಏಣಿ ಬೇಕಾಗುವುದು ಫಾಲ್ಸ್ ಸೀಲಿಂಗ್‌ನ ಮೇಲೆ ಇಣುಕಲು, ಬಾತ್‌ರೂಮಿನ ಲಾಫ್ಟ್ ನೋಡಲು. ಅದಕ್ಕೆ ಮಡಚಿದರೆ ಒಂದು ಮೀಟರ್‌ಗೂ ಕಡಿಮೆ ಉದ್ದವಾಗುವ ಟೆಲಿಸ್ಕೋಪಿಕ್ ಏಣಿ ಸಾಕು. ಅದು ಹ್ಯಾಚ್‌ಬ್ಯಾಕ್‌ನ ಡಿಕ್ಕಿಯಲ್ಲಿ ಅಡ್ಡಕ್ಕೆ ಕೂರುತ್ತದೆ, ಇಲ್ಲವಾದರೆ ಹಿಂದಿನ ಸೀಟಿನ ಒಂದು ಭಾಗ ಮಡಚಿದರೆ ಆಯಿತು.

ಇದೇ ವಿಡಿಯೊಗಳ ಜೊತೆ ಬರುವ ಇನ್ನೊಂದು ರೀಲ್ಸ್ ಸಲಹೆ: ‘ಭಾರದ ಗಾಡಿ ತಗೊಳ್ಳಿ, ಪೂರ್ತಿ ಬೆಲೆ ಟ್ಯಾಕ್ಸ್‌ನಲ್ಲಿ ಕಳೆಯಬಹುದು.’ ಇದರ ಮೂಲ ಅಮೆರಿಕದ ತೆರಿಗೆ ಕಾನೂನಿನ 179ನೇ ಸೆಕ್ಷನ್. ಒಟ್ಟು ತೂಕ 6,000 ಪೌಂಡ್, ಅಂದರೆ ಸುಮಾರು 2,700 ಕೆಜಿ ಮೀರಿದ ವಾಹನಗಳಿಗೆ ಅಲ್ಲಿ ದೊಡ್ಡ ಮೊತ್ತದ ಕಡಿತ ಸಿಗುತ್ತದೆ. ಭಾರತದಲ್ಲಿ ಅಂಥ ನಿಯಮವೇ ಇಲ್ಲ. ಇಲ್ಲಿ ವ್ಯವಹಾರಕ್ಕೆ ಬಳಸುವ ಕಾರಿಗೆ ವರ್ಷಕ್ಕೆ ಶೇ 15ರ ಸವಕಳಿ, ಅದೂ ಪ್ರತಿವರ್ಷ ಇಳಿಯುವ ಬೆಲೆಯ ಮೇಲೆ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಆದಾಯದ ಇಂತಿಷ್ಟು ಪಾಲನ್ನೇ ಲಾಭ ಎಂದು ಒಪ್ಪಿಕೊಳ್ಳುವ ಅಂದಾಜು ತೆರಿಗೆ ಪದ್ಧತಿಯಲ್ಲಿ ಇದ್ದರೆ ಸವಕಳಿಯನ್ನು ಬೇರೆಯಾಗಿ ಕಳೆಯುವಂತೆಯೂ ಇಲ್ಲ.

ಜಿಎಸ್‌ಟಿ ವಾಪಸ್ ಸಿಗುತ್ತದೆ ಎಂಬ ಮಾತೂ ಹೀಗೆಯೇ. ಚಾಲಕನೂ ಸೇರಿ 13 ಸೀಟಿನವರೆಗಿನ, ಜನರನ್ನು ಸಾಗಿಸುವ ವಾಹನಕ್ಕೆ ಕಟ್ಟಿದ ಜಿಎಸ್‌ಟಿಯನ್ನು ಇಂಥ ವೃತ್ತಿಯವರು ಮರಳಿ ಪಡೆಯಲಾಗುವುದಿಲ್ಲ. ಸರಕು ವಾಹನಕ್ಕೆ ಆ ತಡೆ ಇಲ್ಲ, ನಿಜ. ಆದರೆ ಜಿಎಸ್‌ಟಿ ನೋಂದಣಿಯೇ ಇಲ್ಲದ ಹೊಸ ವ್ಯವಹಾರಕ್ಕೆ ಅದರಿಂದ ಬರುವುದು ಸೊನ್ನೆ.

ಚೀಲವನ್ನು ತೂಗಿ ನೋಡಿ

ಗಾಡಿ ಆಯ್ಕೆ ಶೋರೂಮಿನಲ್ಲಿ ಶುರುವಾಗಬಾರದು, ಚೀಲದಿಂದ ಶುರುವಾಗಬೇಕು. ಒಂದು ಸಾಮಾನ್ಯ ತಪಾಸಣೆಗೆ ಬೇಕಾದದ್ದನ್ನು ನಾವು ಪಟ್ಟಿ ಮಾಡಿದೆವು: ತೇವಾಂಶ ಮೀಟರ್, ಥರ್ಮಲ್ ಕ್ಯಾಮೆರಾ, ಲೇಸರ್ ಅಳತೆ ಯಂತ್ರ, ಲೇಸರ್ ಲೆವೆಲ್ ಮತ್ತು ಅದರ ಸ್ಟ್ಯಾಂಡ್, ರಸಮಟ್ಟ, ಸಾಕೆಟ್ ಟೆಸ್ಟರ್, ಮಲ್ಟಿಮೀಟರ್, ನೀರಿನ ಒತ್ತಡದ ಗೇಜ್, ಟೈಲ್ಸ್ ತಟ್ಟುವ ಕೋಲು, ಟಾರ್ಚ್, ಟ್ಯಾಬ್ಲೆಟ್, ಒಂದು ಜೊತೆ ಶೂ ಕವರ್. ಎಲ್ಲಾ ಸೇರಿ ಸುಮಾರು 8ರಿಂದ 10 ಕೆಜಿ. ಟೆಲಿಸ್ಕೋಪಿಕ್ ಏಣಿ ಇನ್ನೊಂದು 10 ಕೆಜಿ ಆಸುಪಾಸು. ಸಣ್ಣ ಪಿಕಪ್ ಒಂದು ಹೊರುವುದು 700 ಕೆಜಿಗಿಂತ ಹೆಚ್ಚು. 20 ಕೆಜಿಗೆ 700 ಕೆಜಿಯ ಗಾಡಿ ಎಂದರೆ ಒಂದು ತೆಂಗಿನಕಾಯಿಗೆ ಎತ್ತಿನ ಗಾಡಿ ಕಟ್ಟಿದಂತೆ.

ಏಣಿ ಇಲ್ಲದ ದಿನ ಸ್ಕೂಟರೇ ಸಾಕು. ಇದನ್ನು ನಾವು ತಮಾಷೆಗೆ ಹೇಳುತ್ತಿಲ್ಲ. ಸಿಲ್ಕ್ ಬೋರ್ಡ್‌ನ ಸಂಜೆಯ ಟ್ರಾಫಿಕ್‌ನಲ್ಲಿ ಎರಡು ಅಪಾಯಿಂಟ್‌ಮೆಂಟ್ ಮುಗಿಸಬೇಕಾದವರಿಗೆ ಇದು ಗೊತ್ತು. ಸಾಮಾನ್ಯ ಸ್ಕೂಟರ್‌ನ ಸೀಟಿನಡಿ 18 ಲೀಟರ್ ಜಾಗ ಇದ್ದರೆ, ಈಗಿನ ಕುಟುಂಬ ಬಳಕೆಯ ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ 30 ಲೀಟರ್ ದಾಟುತ್ತದೆ. ಏಥರ್ ರಿಜ್ಟಾದಲ್ಲಿ 34, ಟಿವಿಎಸ್ ಐಕ್ಯೂಬ್‌ನಲ್ಲಿ 32. ಕ್ಯಾಮೆರಾ, ಮೀಟರ್‌ಗಳು ಸೀಟಿನಡಿ ಬೀಗದಲ್ಲಿ ಇರುತ್ತವೆ, ಉಳಿದದ್ದು ಬೆನ್ನಿಗೆ. ಮಳೆ ಮತ್ತು ಏಣಿ ಎರಡೇ ಅದರ ಮಿತಿ. ಏಣಿಯನ್ನು ಸ್ಕೂಟರ್‌ಗೆ ಅಡ್ಡಡ್ಡ ಕಟ್ಟಿಕೊಂಡು ಹೋಗುವವರನ್ನು ನೀವೂ ನೋಡಿರುತ್ತೀರಿ. ಪಕ್ಕದಲ್ಲಿ ಹೋಗುವವರ ಮುಖದ ಮಟ್ಟಕ್ಕೇ ಬರುತ್ತದೆ ಅದು. ವಾಹನದ ಅಳತೆ ಮೀರಿ ಹೊರೆ ಚಾಚಿದರೆ ಕೇಂದ್ರ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ 20,000 ರೂಪಾಯಿ ದಂಡಕ್ಕೂ ಅವಕಾಶ ಇದೆ.

ಕಾರಿನಲ್ಲಿ ನೋಡಬೇಕಾದದ್ದು ಡಿಕ್ಕಿಯ ಲೀಟರ್ ಲೆಕ್ಕಕ್ಕಿಂತ ಅದರ ಬಾಯಿಯ ಅಗಲ ಮತ್ತು ಎತ್ತರ. ಮಾರುತಿ ವ್ಯಾಗನ್ ಆರ್‌ನಂಥ ಎತ್ತರದ ಹ್ಯಾಚ್‌ಬ್ಯಾಕ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಉದ್ದ 3.66 ಮೀಟರ್ ಮಾತ್ರ, ಹಾಗಾಗಿ ಅಪಾರ್ಟ್‌ಮೆಂಟಿನ ಸಂದರ್ಶಕರ ಪಾರ್ಕಿಂಗ್‌ನ ಮೂಲೆಯಲ್ಲೂ ನಿಲ್ಲುತ್ತದೆ. ಡಿಕ್ಕಿ 341 ಲೀಟರ್. ಸೆಡಾನ್‌ನ ಡಿಕ್ಕಿ ಲೀಟರಿನಲ್ಲಿ ದೊಡ್ಡದಿದ್ದರೂ ಬಾಯಿ ಕಿರಿದು, ಸ್ಟ್ಯಾಂಡು ಏಣಿ ತೂರಿಸಲು ಹೆಣಗಬೇಕು.

ಸಿಎನ್‌ಜಿ ಅಗ್ಗ ಎಂದು ಬುಕ್ ಮಾಡುವ ಮೊದಲು ಡಿಕ್ಕಿ ತೆರೆದು ನೋಡಿ. ಹಳೆಯ ಕ್ರಮದಲ್ಲಿ ಒಂದೇ ದೊಡ್ಡ ಸಿಲಿಂಡರ್ ಡಿಕ್ಕಿಯನ್ನೇ ನುಂಗಿರುತ್ತದೆ. ಟಾಟಾದವರು ಎರಡು ಸಣ್ಣ ಸಿಲಿಂಡರ್‌ಗಳನ್ನು ಡಿಕ್ಕಿಯ ನೆಲದ ಕೆಳಗೆ ಕೂರಿಸುವ ವಿನ್ಯಾಸ ತಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಪಂಚ್‌ನ ಪೆಟ್ರೋಲ್ ಮಾದರಿಯಲ್ಲಿ 366 ಲೀಟರ್ ಇರುವ ಡಿಕ್ಕಿ ಸಿಎನ್‌ಜಿಯಲ್ಲಿ 210 ಆಗುತ್ತದೆ. ಚೀಲಕ್ಕೆ ಅಷ್ಟು ಸಾಕು. ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದರೆ ಮಾತ್ರ ಆರ್‌ಸಿಯಲ್ಲಿ ನಮೂದಾಗಲೇಬೇಕು, ವಿಮಾ ಕಂಪನಿಗೂ ತಿಳಿಸಬೇಕು. ‘ಬಿಸಿನೆಸ್‌ಗೆ ವೈಟ್ ಬೋರ್ಡ್’ ಎಂಬ ಕಾರಣಕ್ಕೆ ಕ್ಲೇಮ್ ಕಳೆದುಕೊಳ್ಳುವ ಸಾಧ್ಯತೆಗಿಂತ, ಹೀಗೆ ತಿಳಿಸದೆ ಮಾಡಿದ ಬದಲಾವಣೆಯಿಂದ ತೊಂದರೆಗೆ ಸಿಲುಕುವ ಸಾಧ್ಯತೆ ಹೆಚ್ಚು ಎಂದೇ ನಮಗನಿಸುತ್ತದೆ. ಕಾರಿಗೆ ಕಂಪನಿಯ ಬಣ್ಣ ಬಳಿಸುವುದು, ಸೀಟು ಬಿಚ್ಚಿ ರ‍್ಯಾಕ್ ಕೂರಿಸುವುದು ಕೂಡ ಇದೇ ಗುಂಪಿಗೆ ಸೇರುತ್ತವೆ. ಸೀಟು ಮಡಚುವುದಕ್ಕೆ ಯಾರ ಅನುಮತಿಯೂ ಬೇಡ.

ಇಬ್ಬರು ಮೂವರು ಸಹಾಯಕರು, ಎರಡು ಏಣಿ, ವಿಲ್ಲಾ ಯೋಜನೆಗಳ ಕೆಲಸ ಎಂದಾದರೆ ಮಾರುತಿ ಈಕೋದಂಥ ವ್ಯಾನ್ ಯೋಚಿಸಬಹುದು. ಪಕ್ಕಕ್ಕೆ ಜಾರುವ ಬಾಗಿಲು ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ದೊಡ್ಡ ಅನುಕೂಲ. ಅದರ ಐದು ಸೀಟಿನ ಮಾದರಿ ಬಿಳಿ ಪ್ಲೇಟಿನಲ್ಲಿ ಬರುತ್ತದೆ, ಕಾರ್ಗೋ ಮಾದರಿ ಸರಕು ವಾಹನ.

ಪಿಕಪ್ ತೆಗೆದುಕೊಂಡರೆ ಏನಾಗುತ್ತದೆ?

ರಿಪೇರಿ ಕೆಲಸವನ್ನೂ ಮಾಡುವವರಿಗೆ ಅದು ಬೇಕಾಗಬಹುದು. ಹಾಗಾಗಿ ಭಯ ಹುಟ್ಟಿಸುವುದು ಬೇಡ. ಒಟ್ಟು ತೂಕ 3,000 ಕೆಜಿ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್‌ನಲ್ಲೇ ಇದನ್ನು ಓಡಿಸಬಹುದು. 7,500 ಕೆಜಿ ಒಳಗಿನ ಸಾರಿಗೆ ವಾಹನಕ್ಕೆ ಬೇರೆ ಅನುಮೋದನೆ ಬೇಡ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ‘ಯೆಲ್ಲೋ ಬೋರ್ಡ್‌ಗೆ ಬ್ಯಾಡ್ಜ್ ಇಲ್ಲದಿದ್ದರೆ ಇನ್ಶೂರೆನ್ಸ್ ಇಲ್ಲ’ ಎಂಬ ಹಳೆಯ ಫಾರ್ವರ್ಡ್ ಇನ್ನೂ ತಿರುಗುತ್ತಿದ್ದರೆ ಅದಕ್ಕೆ ಇದೇ ಉತ್ತರ.

ಆದರೆ ಅದರ ಹಿಂದೆ ಬರುವ ಕೆಲಸಗಳು ಬಹಳ. ಬಿಳಿ ಪ್ಲೇಟಿನ ಹೊಸ ಕಾರಿನ ನೋಂದಣಿ 15 ವರ್ಷಕ್ಕೆ ಒಂದೇ ಸಲ. ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಪರೀಕ್ಷೆ. ಸರಕು ವಾಹನಗಳಿಗೆ ನಗರದ ಕೆಲವು ರಸ್ತೆಗಳಲ್ಲಿ, ಕೆಲವು ಹೊತ್ತಿನಲ್ಲಿ ನಿರ್ಬಂಧ. ಕೆಲವು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ‘ಸರಕು ಗಾಡಿ ಆ ಕಡೆ ಗೇಟಿಗೆ’ ಎಂದು ಸುತ್ತಿಸುತ್ತಾರೆ. ತೆರೆದ ಹಿಂಭಾಗದಲ್ಲಿ ಥರ್ಮಲ್ ಕ್ಯಾಮೆರಾ ಇಡಲಂತೂ ಆಗುವುದಿಲ್ಲ, ಕೊನೆಗೆ ಅದು ಕ್ಯಾಬಿನ್‌ನಲ್ಲಿ ತೊಡೆಯ ಮೇಲೇ ಕೂರುತ್ತದೆ.

ಖರ್ಚಿನ ಲೆಕ್ಕ ಮಾಡಿ ನೋಡೋಣ

ದಿನಕ್ಕೆ 60 ಕಿಮೀ, ತಿಂಗಳಿಗೆ 22 ದಿನ ಎಂದಿಟ್ಟುಕೊಂಡರೆ 1,320 ಕಿಮೀ. ಲೆಕ್ಕದ ಸುಲಭಕ್ಕೆ ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎನ್ನೋಣ. ನಗರದಲ್ಲಿ 15 ಕಿಮೀ ಕೊಡುವ ಕಾರಿಗೆ 88 ಲೀಟರ್, 8,800 ರೂಪಾಯಿ. ಕೆಜಿಗೆ 22 ಕಿಮೀ ಓಡುವ ಸಿಎನ್‌ಜಿ ಕಾರಿಗೆ, ಕೆಜಿ 90 ರೂಪಾಯಿಯಂತೆ 5,400. ಲೀಟರಿಗೆ 45 ಕೊಡುವ ಸ್ಕೂಟರ್‌ಗೆ ಸುಮಾರು 2,900. ಯೂನಿಟ್‌ಗೆ 7 ಕಿಮೀ ಓಡುವ ಎಲೆಕ್ಟ್ರಿಕ್ ಕಾರನ್ನು ಮನೆಯಲ್ಲೇ 8 ರೂಪಾಯಿಯ ದರದಲ್ಲಿ ಚಾರ್ಜ್ ಮಾಡಿದರೆ ಸುಮಾರು 1,500. ನಿಮ್ಮ ಊರಿನ ಇವತ್ತಿನ ದರ ಹಾಕಿ ಇದೇ ಲೆಕ್ಕವನ್ನು ನೀವೇ ಮಾಡಿಕೊಳ್ಳಿ.

ಎಲೆಕ್ಟ್ರಿಕ್ ಕಾರು ಇಲ್ಲಿ ಗೆದ್ದಂತೆ ಕಾಣುತ್ತದೆ. ಸ್ವಂತ ಪಾರ್ಕಿಂಗ್‌ನಲ್ಲಿ ಚಾರ್ಜಿಂಗ್ ಪಾಯಿಂಟ್ ಇದ್ದರೆ ನಿಜವೇ. ಬಾಡಿಗೆ ಮನೆಯಲ್ಲಿದ್ದು ಸಾರ್ವಜನಿಕ ಚಾರ್ಜರ್ ನಂಬಬೇಕಾದರೆ ದರ ಏರುತ್ತದೆ, ಕಾಯುವ ಸಮಯ ಬೇರೆ. ಕಂಪನಿ ಹೇಳುವ ರೇಂಜ್ ಪ್ರಯೋಗಾಲಯದ ಅಳತೆ. 24 ಯೂನಿಟ್‌ನ ಬ್ಯಾಟರಿಗೆ 7 ಕಿಮೀ ಲೆಕ್ಕದಲ್ಲಿ ಸುಮಾರು 170 ಕಿಮೀ ಎಂದು ಇಟ್ಟುಕೊಳ್ಳಿ. ದಿನಕ್ಕೆ 60 ಕಿಮೀಗೆ ಅದು ಧಾರಾಳ.

ಈಗ ಸಾಲದ ಕಡೆ. ಎಂಟು ಲಕ್ಷಕ್ಕೆ ಶೇ 9.5ರ ಬಡ್ಡಿಯಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು 16,800. ಖರ್ಚು ಕಳೆದು ಒಂದು ತಪಾಸಣೆಗೆ 2,000 ಉಳಿದರೆ, ತಿಂಗಳ ಮೊದಲ ಎಂಟು ಮನೆಗಳ ದುಡಿಮೆ ಗಾಡಿಯ ಕಂತಿಗೇ ಹೋಗುತ್ತದೆ, ಒಂಬತ್ತನೆಯದರಲ್ಲೂ ಅರ್ಧದಷ್ಟು. ಗಿರಾಕಿಗಳೇ ಇನ್ನೂ ಗೊತ್ತಿಲ್ಲದ ಮೊದಲ ವರ್ಷಕ್ಕೆ ಇದು ಭಾರವಾದ ಮಾತು. ಆರು ವರ್ಷದ, ಸಾಲ ತೀರಿದ ಹ್ಯಾಚ್‌ಬ್ಯಾಕ್ ಮೈಲೇಜಿನಲ್ಲಿ ಸೋತರೂ ಈ ಲೆಕ್ಕದಲ್ಲಿ ಗೆಲ್ಲುತ್ತದೆ. ‘15 ವರ್ಷ ಆದರೆ ಸ್ಕ್ರ್ಯಾಪ್’ ಎಂಬ ಹೆದರಿಕೆಯೂ ಬೇಡ. ಹತ್ತು ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ಆದೇಶ ಬಂದದ್ದು ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ. ಕರ್ನಾಟಕದಲ್ಲಿ 15 ವರ್ಷದ ಬಳಿಕ ಖಾಸಗಿ ಕಾರು ಪರೀಕ್ಷೆಯಲ್ಲಿ ಪಾಸಾದರೆ ಐದು ವರ್ಷಕ್ಕೆ ನೋಂದಣಿ ನವೀಕರಣವಾಗುತ್ತದೆ.

ಬಿಸಿಲು, ಮಳೆ ಮತ್ತು ಹಿಂದಿನ ಸೀಟಿನ ಚೀಲ

ಯಾವ ಗಾಡಿಯಾದರೂ ಸರಿ, ಚೀಲವನ್ನು ಹಿಂದಿನ ಸೀಟಿನ ಮೇಲೆ ಹಾಗೇ ಎಸೆಯಬೇಡಿ. ಗಂಟೆಗೆ 50 ಕಿಮೀ ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕೆಜಿಯ ಚೀಲ ಮುಂದಿನ ಸೀಟಿಗೆ ಬಡಿಯುವ ಬಲ ಸುಮಾರು 140 ಕೆಜಿ ಭಾರಕ್ಕೆ ಸಮ. ಡಿಕ್ಕಿಯಲ್ಲಿ, ಸೀಟಿನ ಬೆನ್ನಿಗೆ ಒತ್ತಿ ಇಡಿ. ಸೀಟಿನ ಮೇಲೇ ಇಡಬೇಕಾದರೆ ಬೆಲ್ಟ್ ಹಾಕಿ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಉಪಕರಣ ಬಿಡುವುದೂ ಬೇಡ. ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮುಚ್ಚಿದ ಕಾರಿನೊಳಗಿನ ತಾಪಮಾನ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರಲ್ಲಿ ಶೇ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸ್ವಲ್ಪ ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಹೊರಗೆ 33 ಡಿಗ್ರಿ ಇದ್ದರೆ ಒಳಗೆ 55. ಲಿಥಿಯಂ ಬ್ಯಾಟರಿಯ ಆಯಸ್ಸು ಕಡಿಮೆಯಾಗುವುದು, ಅಳತೆ ಯಂತ್ರ ತಪ್ಪು ತೋರಿಸುವುದು ಇಂಥ ಶಾಖದಲ್ಲಿ. ಬಿಸಿ ಕಾರಿನಿಂದ ತೆಗೆದ ಥರ್ಮಲ್ ಕ್ಯಾಮೆರಾವನ್ನು ಕೂಡಲೇ ಗೋಡೆಗೆ ಹಿಡಿಯಬೇಡಿ, ಕೋಣೆಯ ತಾಪಮಾನಕ್ಕೆ ಬರಲು ಸ್ವಲ್ಪ ಹೊತ್ತು ಬಿಡಿ. ಇಲ್ಲವಾದರೆ ತೇವದ ಕಲೆ ಎಂದು ನೀವು ವರದಿಯಲ್ಲಿ ಬರೆದದ್ದು ಕ್ಯಾಮೆರಾದ ತಪ್ಪಾಗಿರಬಹುದು, ಅದನ್ನು ನಂಬಿ ಬಿಲ್ಡರ್ ಜೊತೆ ಜಗಳಕ್ಕೆ ನಿಲ್ಲುವವರು ಮನೆ ಕೊಂಡವರು.

ಮಳೆಗಾಲದ ಫಾರ್ವರ್ಡ್ ಒಂದಿದೆ: ‘ನೀರಿಗಿಳಿದರೆ ಎಲೆಕ್ಟ್ರಿಕ್ ಗಾಡಿ ಶಾಕ್ ಹೊಡೆಯುತ್ತೆ.’ ಹಲವು ಮಾದರಿಗಳ ಬ್ಯಾಟರಿಗೆ ಐಪಿ67 ದರ್ಜೆ ಇದೆ. ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿ ಪರೀಕ್ಷಿಸಿದ್ದು. ಹಾಗೆಂದು ಕೆರೆಯಾದ ಅಂಡರ್‌ಪಾಸ್‌ಗೆ ಯಾವ ಗಾಡಿಯನ್ನೂ ಇಳಿಸಬಾರದು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡದ್ದು ನೆನಪಿರಬಹುದು. ಪೆಟ್ರೋಲ್, ಡೀಸೆಲ್ ಕಾರಿನ ಎಂಜಿನ್‌ಗೆ ನೀರು ಹೊಕ್ಕಾಗ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಎಂಜಿನ್ನೇ ಹಾಳಾಗುತ್ತದೆ. ಆ ನಷ್ಟಕ್ಕೆ ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ಕವರ್ ಇರದಿದ್ದರೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದು ಕಷ್ಟ. ಮಳೆಗಾಲದಲ್ಲಿ ದಿನವಿಡೀ ಸುತ್ತುವವರಿಗೆ ಈ ಕವರ್ ದಂಡವಲ್ಲ.

ಇನ್ನೊಂದು ತಪ್ಪು ಕಲ್ಪನೆ: ಕಾರಿಗೆ ವಿಮೆ ಇದ್ದರೆ ಕಾರಿನೊಳಗಿನ ಉಪಕರಣಕ್ಕೂ ಇದೆ ಎಂಬುದು. ಇಲ್ಲ. ಗಾಜು ಒಡೆದರೆ ಗಾಜಿಗೆ ಹಣ ಬರುತ್ತದೆ, ಕದ್ದುಹೋದ ಕ್ಯಾಮೆರಾಕ್ಕೆ ಬರುವುದಿಲ್ಲ. ಒಳ್ಳೆಯ ಥರ್ಮಲ್ ಕ್ಯಾಮೆರಾದ ಬೆಲೆ ಸ್ಕೂಟರ್‌ಗಿಂತ ಹೆಚ್ಚಿರಬಹುದು. ಒಯ್ಯುವ ಉಪಕರಣಗಳಿಗೆಂದೇ ಬೇರೆ ಪಾಲಿಸಿಗಳು ಸಿಗುತ್ತವೆ. ಪಿಕಪ್‌ಗೆಂದು ಎತ್ತಿಟ್ಟ ಹಣದಲ್ಲಿ ಮೊದಲು ಆಗಬೇಕಾದ ಖರ್ಚು ಇದು.

ನಮಗೆ ಸಂದೇಶ ಕಳಿಸಿದ ಓದುಗರಿಗೆ ಹೇಳಿದ್ದು ಇಷ್ಟು: ಹ್ಯಾಚ್‌ಬ್ಯಾಕ್ ಮಾರಬೇಡಿ. ವಿಮಾ ಕಂಪನಿಗೆ ಮೇಲಿನ ಇಮೇಲ್ ಕಳಿಸಿ. ಟೈರ್, ಬ್ರೇಕ್ ನೋಡಿಸಿ, ಒಂದು ಟೆಲಿಸ್ಕೋಪಿಕ್ ಏಣಿ ಕೊಳ್ಳಿ. ಆರು ತಿಂಗಳು ಪ್ರತಿ ಭೇಟಿಯ ಕಿಲೋಮೀಟರ್, ಇಂಧನ, ಪಾರ್ಕಿಂಗ್ ಬರೆದಿಡಿ, ಏಣಿ ನಿಜವಾಗಿ ಎಷ್ಟು ಸಲ ಬೇಕಾಯಿತು ಎಂಬುದನ್ನೂ. ಆ ಪುಸ್ತಕ ನೋಡಿದ ಮೇಲೂ ಬೇರೆ ಗಾಡಿ ಬೇಕೆನಿಸಿದರೆ, ಚೀಲ ಮತ್ತು ಏಣಿ ಎರಡನ್ನೂ ಹೊತ್ತುಕೊಂಡೇ ಶೋರೂಮಿಗೆ ಹೋಗಿ, ಡಿಕ್ಕಿಯಲ್ಲಿಟ್ಟು ಬಾಗಿಲು ಮುಚ್ಚಿ ನೋಡಿ. ಸೇಲ್ಸ್‌ನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.